ಎಚ್‌ಇಪಿ ಮುಗಿಸಿ ರಾಜ್ಯಶಾಸ್ತ್ರ ಎಂ.ಎ.: ಸಿಯುಇಟಿ ಬರೆಯಲಾ, ಇಲ್ಲೇ ಸೇರಲಾ?

ಸಜ್ಜಿರೊಟ್ಟಿ

ಎಲ್ಲರಿಗೂ ನಮಸ್ಕಾರ. ಹಟ್ಟಿ ಚಿನ್ನದ ಗಣಿ ಗೊತ್ತಲ್ವಾ, ಅಲ್ಲಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕನ್ನಡ ಮಾಧ್ಯಮ. ಇಲ್ಲಿಯವರೆಗೆ ಸರಾಸರಿ 71 ಬಂದಿದೆ.

ಮನೆಯಲ್ಲಿ ಬಿ.ಇಡಿ. ಮಾಡು ಅನ್ನುತ್ತಾರೆ. ನನಗೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕು ಅಂತ ಆಸೆ. ಯಾಕೆ ಅಂತ ಕೇಳಿದರೆ ಒಂದೇ ಕಾರಣ. ನಮ್ಮ ಅತ್ತೆ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಮಹಿಳಾ ಮೀಸಲು ಬಂದಾಗ ನಿಂತರು, ಗೆದ್ದರು. ಸಹಿ ಅತ್ತೆಯದು, ಮಾತು ಮಾವನದು. ಸಭೆಯಲ್ಲಿ ದೊಡ್ಡ ಕುರ್ಚಿ ಅತ್ತೆಗೆ ಹಾಕುತ್ತಾರೆ, ಆದರೆ ಎಲ್ಲರೂ ಮುಖ ಮಾಡುವುದು ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಕಡೆ. ಇದು ಯಾಕೆ ಹೀಗೆ ಅಂತ ಪಠ್ಯಪುಸ್ತಕದಲ್ಲಿ ಹುಡುಕಿದೆ. ಪಂಚಾಯ್ತಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಅಂತ ಎರಡು ಪುಟ ಇತ್ತು, ಅಷ್ಟೇ.

ಜೆಎನ್‌ಯು, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಅಂತೆಲ್ಲ ಹೆಸರು ಕೇಳಿದ್ದೇನೆ. ಅವಕ್ಕೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕಂತೆ. ಕನ್ನಡದಲ್ಲಿ ಇಲ್ವಂತೆ. ನಮ್ಮ ಸರ್ ಒಬ್ಬರು "ಸುಮ್ನೆ ಯಾಕೆ ದುಡ್ಡು ದಂಡ, ರಾಯಚೂರಲ್ಲೇ ಸೇರು" ಅಂದರು. ಇನ್ನೊಬ್ಬರು "ಹೋದರೆ ದಿಲ್ಲಿಗೇ ಹೋಗು" ಅಂದರು. ಇಬ್ಬರೂ ಫಾರ್ಮ್ ಹೇಗೆ ತುಂಬಬೇಕು ಅಂತ ಮಾತ್ರ ಹೇಳಲಿಲ್ಲ. ಗೊತ್ತಿದ್ದವರು ಹೇಳಿ.

ಗಚ್ಚಿಬೌಲಿ ಬಂಡೆ

ತಂಗಿ, ನಾನು ಸಿಂಧನೂರಿನವನು. ಕನ್ನಡ ಮಾಧ್ಯಮವೇ. ಹೈದರಾಬಾದಿನಲ್ಲಿ ಎಂ.ಎ. ಮುಗಿಸಿದೆ. ನಾನು ಸೇರಿದಾಗ ಆ ವಿಶ್ವವಿದ್ಯಾಲಯದ್ದೇ ಬೇರೆ ಪರೀಕ್ಷೆ ಇತ್ತು, ಈಗ ಸಿಯುಇಟಿ ಪಿಜಿ ಬಂದಿದೆ. ಹೋದ ಸಲ ತಮ್ಮನಿಗೆ ಅರ್ಜಿ ಹಾಕಿಸಿದ್ದರಿಂದ ಇದರ ಒಳಹೊರಗು ಸ್ವಲ್ಪ ಗೊತ್ತು.

ಕೆಟ್ಟ ಸುದ್ದಿ ಮೊದಲು. ಹೌದು, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪದವಿಗೆ ಸೇರುವ ಸಿಯುಇಟಿಯಲ್ಲಿ 13 ಭಾಷೆ ಇವೆ, ಕನ್ನಡವೂ ಇದೆ. ಎಂ.ಎ.ಗೆ ಬರುವಷ್ಟರಲ್ಲಿ ಕನ್ನಡ ಮಾಯ. ಮೂರು ವರ್ಷದಲ್ಲಿ ನಾವೆಲ್ಲ ಹಿಂದಿಯವರಾಗಿಬಿಡುತ್ತೇವೆ ಅಂತ ಲೆಕ್ಕ ಇರಬೇಕು.

ಒಳ್ಳೆ ಸುದ್ದಿ: ಅಲ್ಲಿ ಪ್ರಬಂಧ ಬರೆಯುವುದಿಲ್ಲ. ನಾಲ್ಕರಲ್ಲಿ ಒಂದು ಆರಿಸುವುದು. 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಒಟ್ಟು 300. ಅಂದರೆ ನಿಮಗೆ ಬೇಕಾಗಿರುವುದು ಇಂಗ್ಲಿಷ್ ಮಾತಾಡುವ ಶಕ್ತಿ ಅಲ್ಲ, ವಿಷಯದ ನಾಲ್ಕೈದು ನೂರು ಇಂಗ್ಲಿಷ್ ಪದಗಳ ಗುರುತು. ಪ್ರಶ್ನೆಗಳು ಹೆಚ್ಚಾಗಿ "ಹೊಂದಿಸಿ ಬರೆಯಿರಿ", "ಕಾಲಕ್ರಮದಲ್ಲಿ ಜೋಡಿಸಿ" ಥರದವು. ಉದಾಹರಣೆಗೆ ಗೋಲಕನಾಥ್, ಕೇಶವಾನಂದ ಭಾರತಿ, ಮಿನರ್ವಾ ಮಿಲ್ಸ್, ಬೊಮ್ಮಾಯಿ ಪ್ರಕರಣಗಳನ್ನು ಕೊಟ್ಟು ಯಾವುದು ಮೊದಲು ಅಂತ ಕೇಳಿದರೆ ಇಂಗ್ಲಿಷ್ ಎಲ್ಲಿ ಅಡ್ಡ ಬರುತ್ತದೆ? 1967, 1973, 1980, 1994. ಇಸವಿಗೆ ಭಾಷೆ ಇಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಎನ್‌ಟಿಎ ತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಮೊದಲು ಒಂದನ್ನು ಡೌನ್‌ಲೋಡ್ ಮಾಡಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೂತು ಬಿಡಿಸಿ. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ. ಆಮೇಲೆ ಮುಂದಿನ ಮಾತು.

ಗಂಗೋತ್ರಿ ಗಾಳಿ

ಬಂಡೆಯವರ ಪಟ್ಟಿ ನೋಡಿ ಖುಷಿಯಾಯಿತು. ಆ ನಾಲ್ಕರಲ್ಲಿ ಮೂರು ನಮ್ಮ ಕಡೆಯವೇ ಅಲ್ವಾ! ಕೇಶವಾನಂದ ಭಾರತಿ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು. ಮಿನರ್ವಾ ಮಿಲ್ ಬೆಂಗಳೂರಿನದು. ಬೊಮ್ಮಾಯಿಯವರ ಸರ್ಕಾರ 1989ರಲ್ಲಿ ವಜಾ ಆಗಿದ್ದು ನಮ್ಮಪ್ಪನಿಗೆ ಈಗಲೂ ನೆನಪಿದೆ. ಸಂವಿಧಾನದ ಮೂಲ ರಚನೆಯನ್ನು, ಅಂದರೆ ಸಂಸತ್ತೂ ಅಳಿಸಲಾಗದ ಭಾಗವನ್ನು, ಕಾಪಾಡಿದ ಮೊಕದ್ದಮೆಗಳು ಮಠದ ಭೂಮಿಯಿಂದ, ನೂಲಿನ ಗಿರಣಿಯಿಂದ, ವಿಧಾನಸೌಧದಿಂದ ಹೋದವು. ಇದನ್ನು ಕನ್ನಡದಲ್ಲಿ ಸರಿಯಾಗಿ ಪಾಠ ಮಾಡಿದರೆ ಯಾರೂ ಮರೆಯಲ್ಲ.

ಇನ್ನು ತಂಗಿಯ ಪ್ರಶ್ನೆಗೆ. ನಾನು ಮಾನಸಗಂಗೋತ್ರಿಯಲ್ಲಿ ಓದಿದವಳು. "ಹೋದರೆ ದಿಲ್ಲಿಗೇ" ಅನ್ನುವವರ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಮೈಸೂರು, ಧಾರವಾಡ, ಶಂಕರಘಟ್ಟ, ಕೊಣಾಜೆ, ಕಲಬುರಗಿ ಎಲ್ಲ ಏನು ಸತ್ತುಹೋಗಿವೆಯಾ? ಮೈಸೂರು ವಿಶ್ವವಿದ್ಯಾಲಯ 1916ರದ್ದು. ನಾವು ಪರೀಕ್ಷೆಯನ್ನು ಕನ್ನಡದಲ್ಲೇ ಬರೆದೆವು. ಹಾಸ್ಟೆಲ್ ಇತ್ತು, ಲೈಬ್ರರಿ ಇತ್ತು, ಸಂಜೆ ಕುಕ್ಕರಹಳ್ಳಿ ಕೆರೆ ಇತ್ತು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಯುಯುಸಿಎಂಎಸ್ ಅನ್ನುವ ಸರ್ಕಾರಿ ತಾಣದ ಮೂಲಕ. ನಿಮ್ಮ ಡಿಗ್ರಿ ಅಂಕಪಟ್ಟಿ ಬರುವುದೂ ಅದರಲ್ಲೇ, ಹಾಗಾಗಿ ಹೊಸದೇನಲ್ಲ. ನೀವು ರಾಯಚೂರು ಜಿಲ್ಲೆಯವರಾದ್ದರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಇರುವ 371 ಜೆ ಮೀಸಲಾತಿಯೂ ಇದೆ. ಅದರ ಅರ್ಹತಾ ಪತ್ರ ಈಗಲೇ ಮಾಡಿಸಿ ಇಟ್ಟುಕೊಳ್ಳಿ.

ಆದರೆ ಒಂದು ಮಾತು ಮುಚ್ಚಿಡಲ್ಲ. ನಾನು ಎರಡು ವರ್ಷ ಇಂಗ್ಲಿಷ್ ಪುಸ್ತಕ ಮುಟ್ಟದೆ, ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್ ಓದಿಯೇ ಪಾಸಾದೆ. ಎಂ.ಎ. ಆದಮೇಲೆ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ಯುಜಿಸಿ ನೆಟ್ ಬರೆಯಲು ಕೂತಾಗ ಗೊತ್ತಾಯಿತು, ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲೇ. ಎರಡು ಸಲ ಬರೆದೆ, ಆಗಲಿಲ್ಲ. ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್‌ನಲ್ಲಿ ಕನ್ನಡ ಇರುವುದರಿಂದ ಅದು ಆಯಿತು. ಎಲ್ಲಿ ಸೇರಿದರೂ ಮೊದಲ ದಿನದಿಂದಲೇ ಎರಡೂ ಭಾಷೆಯಲ್ಲಿ ಓದಿ.

ಅರೆಕಾಲಿಕ

ಎಲ್ಲರೂ ಬಾಗಿಲು ಯಾವುದು ಅಂತ ಹೇಳುತ್ತಿದ್ದೀರಿ. ಒಳಗೆ ಏನಿದೆ ಅಂತ ನಾನು ಹೇಳುತ್ತೇನೆ.

ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ., ಕೆಸೆಟ್ ಎರಡೂ ಮಾಡಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಏನು ಗೊತ್ತಾ ತಂಗಿ? ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ರಜೆಯಲ್ಲಿ ಸಂಬಳ ಇಲ್ಲ. ಬೇಸಿಗೆಯಲ್ಲಿ ಭಾವನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತೇನೆ. ಕಾಯಂ ಹುದ್ದೆಗೆ ಅಂತ 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ಅಧಿಸೂಚನೆ ಬಂತು, ಎಲ್ಲ ವಿಷಯ ಸೇರಿ. ನಾನೂ ಬರೆದೆ. ಆಗಲಿಲ್ಲ. ಪಾಠ ಮಾಡುವಾಗ "ಸಾಮಾಜಿಕ ನ್ಯಾಯ" ಅಂತ ಬೋರ್ಡ್ ಮೇಲೆ ಬರೆಯುವಾಗ ಕೆಲವು ಸಲ ನಗು ಬರುತ್ತದೆ.

ಮನೆಯವರು ಬಿ.ಇಡಿ. ಅಂದರೆ ಅದನ್ನು ತಳ್ಳಿಹಾಕಬೇಡಿ. ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆ ಬಿ.ಇಡಿ. ಕೂಡ ಬೇಕು. ಎಂ.ಎ.ಯಲ್ಲಿ 55ಕ್ಕಿಂತ ಕಡಿಮೆ ಬಂದರೆ ನೆಟ್‌ಗೆ ಕೂರಲೂ ಆಗಲ್ಲ. ಮೀಸಲಾತಿ ಇದ್ದವರಿಗೆ 50. ಈ ಲೆಕ್ಕ ಹಾಕಿಕೊಂಡೇ ಹೆಜ್ಜೆ ಇಡಿ.

ಇನ್ನೊಂದು. ಮನೆಯಲ್ಲಿ ಯುವನಿಧಿಯ ಮೂರು ಸಾವಿರ ಬರುತ್ತದೆ ಅಂತ ಲೆಕ್ಕ ಹಾಕಿದ್ದರೆ, ಓದು ಮುಂದುವರಿಸಿದವರಿಗೆ ಅದು ಸಿಗಲ್ಲ.

ಕೋಡುಬಳೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಮೆಕ್ಯಾನಿಕಲ್ ಇಂಜಿನಿಯರ್. ಯುಪಿಎಸ್‌ಸಿಗೆ ರಾಜ್ಯಶಾಸ್ತ್ರ ಆಪ್ಷನಲ್ ತಗೊಳ್ಳಬೇಕು ಅಂತಿದ್ದೇನೆ. ಅದಕ್ಕೆ ಎಂ.ಎ. ಮಾಡಬೇಕಾ?

ಗಚ್ಚಿಬೌಲಿ ಬಂಡೆ

ಬೇಡ. ಆಪ್ಷನಲ್‌ಗೆ ಆ ವಿಷಯದ ಡಿಗ್ರಿ ಇರಬೇಕು ಅಂತ ನಿಯಮ ಇಲ್ಲ. ಎರಡು ಪತ್ರಿಕೆ, 500 ಅಂಕ, ಅಷ್ಟಕ್ಕೆ ಎರಡು ವರ್ಷ ಯಾಕೆ? ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಓದುವ ಆಸೆ ಇದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಆಗಿದ್ದರೂ ರಾಜ್ಯಶಾಸ್ತ್ರ ಎಂ.ಎ. ಸೇರಬಹುದು. ಅದರ ಪಾಠಗಳು ಈ-ಜ್ಞಾನಕೋಶದಲ್ಲಿ ಪುಕ್ಕಟೆ ಇವೆ, ಸೇರದೆಯೂ ಓದಬಹುದು. ತಂಗಿ, ಈ ಮಾತು ನಿಮಗೂ.

ನಿವೃತ್ತ ಮೇಷ್ಟ್ರು

ಮೂವತ್ತೊಂದು ವರ್ಷ ಇದೇ ವಿಷಯ ಪಾಠ ಮಾಡಿದವನು ನಾನು. ಅರೆಕಾಲಿಕರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಮಗಳು ಕೇಳಿದ್ದು ಕೆಲಸದ ಬಗ್ಗೆ ಅಲ್ಲ. ಕುರ್ಚಿಯ ಬಗ್ಗೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲವಲ್ಲ.

ನೋಡಮ್ಮ, ನಮ್ಮ ಕನ್ನಡ ಪಠ್ಯಗಳಲ್ಲಿ ಒಂದು ತೊಂದರೆ ಇದೆ. ಇಂಗ್ಲಿಷಿನಲ್ಲಿ 'ಪವರ್' ಮತ್ತು 'ಅಥಾರಿಟಿ' ಅಂತ ಎರಡು ಮಾತು. ನಾವು ಎರಡಕ್ಕೂ 'ಅಧಿಕಾರ' ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಕೆಲವರು ಒಂದಕ್ಕೆ 'ಶಕ್ತಿ' ಅನ್ನುತ್ತಾರೆ, ಅದು ಜಿಮ್‌ನಂತೆ ಕೇಳುತ್ತದೆ. ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಅಂತ ಕೇಳಿದರೆ ಮಕ್ಕಳು ಐದು ಅಂಶ ಬಾಯಿಪಾಠ ಮಾಡಿ ಬರೆಯುತ್ತಾರೆ. ನಾನೂ ವರ್ಷಗಟ್ಟಲೆ ಆ ಐದು ಅಂಶಕ್ಕೆ ಐದು ಅಂಕ ಕೊಟ್ಟಿದ್ದೇನೆ.

ನಿನ್ನ ಅತ್ತೆಯ ಮನೆಯಲ್ಲಿ ಅದು ಕಣ್ಣೆದುರೇ ಇದೆ. ಕಾನೂನು ಒಪ್ಪಿದ ಹಕ್ಕು, ಸೀಲು, ಸಹಿ, ದೊಡ್ಡ ಕುರ್ಚಿ, ಇದು ಅಥಾರಿಟಿ. ಅದು ಅತ್ತೆಯದು. ನಾಲ್ಕು ಜನ ಯಾರ ಮುಖ ನೋಡಿ ಕೆಲಸ ಮಾಡುತ್ತಾರೋ ಅದು ಪವರ್. ಅದು ಪ್ಲಾಸ್ಟಿಕ್ ಕುರ್ಚಿಯಲ್ಲಿದೆ. ಇವೆರಡು ಯಾಕೆ ಬೇರೆಬೇರೆ ಕುರ್ಚಿಯಲ್ಲಿ ಕೂತಿವೆ, ಎಷ್ಟು ದಿನ ಹಾಗೆ ಕೂತಿರುತ್ತವೆ, ಯಾವಾಗ ಒಂದೇ ಕುರ್ಚಿಗೆ ಬರುತ್ತವೆ? ಎಂ.ಎ.ಯಲ್ಲಿ ರಾಜಕೀಯ ಸಿದ್ಧಾಂತ ಅಂತ ಒಂದು ಪತ್ರಿಕೆ ಇರುತ್ತದಲ್ಲ, ಅದರ ಅರ್ಧ ಇದೇ ಪ್ರಶ್ನೆ.

'ರಾಜ್ಯ' ಅನ್ನುವ ಪದವೂ ಹಾಗೇ. ತತ್ವಜ್ಞಾನಿ ಹಾಬ್ಸ್ ಹೇಳುವ 'ಸ್ಟೇಟ್' ನಮಗೆ ರಾಜ್ಯ, ಕರ್ನಾಟಕವೂ ರಾಜ್ಯ. ಮೊದಲ ವರ್ಷದ ಹುಡುಗನೊಬ್ಬ "ರಾಜ್ಯದ ಉಗಮ" ಅನ್ನುವ ಪ್ರಶ್ನೆಗೆ 1956ರ ಏಕೀಕರಣ ಬರೆದಿದ್ದ. ತಪ್ಪು ಅವನದಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಇಡು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ, ಕೆಳಗೆ ನಿಮ್ಮ ಊರಿನ ಒಂದು ಉದಾಹರಣೆ. ಉದಾಹರಣೆ ಇಲ್ಲದ ಪದ ಬರೆಯಬೇಡ.

ಇನ್ನೊಂದು ವಿಷಯ. 73ನೇ ತಿದ್ದುಪಡಿ 1992ರದ್ದು, ಜಾರಿಗೆ ಬಂದದ್ದು 1993. ಅದಕ್ಕೂ ಮೊದಲೇ ಕರ್ನಾಟಕದ 1983ರ ಕಾಯ್ದೆಯಲ್ಲಿ ಹೆಂಗಸರಿಗೆ ಶೇ. 25 ಮೀಸಲು ಇತ್ತು, 1987ರಲ್ಲಿ ಚುನಾವಣೆಯೂ ಆಯಿತು. ಅದನ್ನು ತಂದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಬೋರ್‌ವೆಲ್‌ಗಾಗಿ ನೀರ್ ಸಾಬ್ ಅಂತ ನೆನೆಯುತ್ತಾರೆ. ಪಂಚಾಯ್ತಿಗಾಗಿಯೂ ನೆನೆಯಬೇಕು. ಯಾವುದಾದರೂ ಸಂದರ್ಶನದಲ್ಲಿ "ರಾಜ್ಯಶಾಸ್ತ್ರ ಯಾಕೆ" ಅಂತ ಕೇಳಿದರೆ ಪ್ಲೇಟೋ, ಅರಿಸ್ಟಾಟಲ್ ಅಂತ ಶುರು ಮಾಡಬೇಡ. ಇಲ್ಲಿ ಬರೆದದ್ದನ್ನೇ ಹೇಳು.

ಅರೆಕಾಲಿಕ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ನಿಮ್ಮ ಕಾಲದಲ್ಲಿ ಕಾಯಂ ಕೆಲಸ ಸಿಗುತ್ತಿತ್ತು, ನಿಮಗೆ ಪಿಂಚಣಿಯೂ ಬರುತ್ತಿದೆ. ಕುರ್ಚಿಯ ತತ್ವ ಮಾತಾಡಲು ಮೊದಲು ಕೂರಲು ಒಂದು ಕುರ್ಚಿ ಬೇಕಲ್ಲ.

ನಿವೃತ್ತ ಮೇಷ್ಟ್ರು

ಒಪ್ಪಿದೆ. ಪಿಂಚಣಿ ಬರುತ್ತದೆ. ನೀವು ಒಂಬತ್ತು ವರ್ಷ ಮಾಡಿದ ಪಾಠಕ್ಕೆ ನನ್ನ ಪಾಠಕ್ಕಿಂತ ಬೆಲೆ ಕಡಿಮೆ ಅಂತ ನಾನು ಅಂದಿಲ್ಲ. ಸರ್ಕಾರ ಅನ್ನುತ್ತಿದೆ.

ಢಾಬಾ ಚಾ

ಜಗಳ ಬೇಡ, ನಾನು ಫಾರ್ಮ್ ವಿಷಯಕ್ಕೆ ಬರುತ್ತೇನೆ. ಜೆಎನ್‌ಯುನಲ್ಲಿ ಓದಿದೆ, ಬಳ್ಳಾರಿ ಕಡೆಯವಳು. ನನ್ನ ಅನುಭವದಲ್ಲಿ ನಮ್ಮ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಸೋಲುವುದಕ್ಕಿಂತ ಜಾಸ್ತಿ ಕಾಗದದಲ್ಲಿ ಸೋಲುತ್ತಾರೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದು.

ಅರ್ಜಿ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ತೆರೆದಿರುತ್ತದೆ. ಪರೀಕ್ಷೆ ಮಾರ್ಚ್‌ನಲ್ಲಿ. ನಮ್ಮ ಕಡೆ ಡಿಗ್ರಿ ಮುಗಿದ ಮೇಲೆ ಎಂ.ಎ. ಯೋಚನೆ ಮಾಡುವ ಅಭ್ಯಾಸ. ಆಗ ಯೋಚಿಸಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಈಗಲೇ ಕೇಳಿದ್ದು ಒಳ್ಳೆಯದಾಯಿತು. 2025ರಲ್ಲಿ ಒಬಿಸಿಯವರಿಗೆ ಎರಡು ಪತ್ರಿಕೆಗೆ ಸೇರಿ 1,200 ರೂಪಾಯಿ ಇತ್ತು, ಸಾಮಾನ್ಯ ವರ್ಗಕ್ಕೆ 1,400.

ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ನಮ್ಮ ಅರ್ಧ ಕರ್ನಾಟಕದ ಕಥೆ ಇದು. ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಹಾಕು. ಆಧಾರ್ ಅನ್ನು ಅದಕ್ಕೆ ಸರಿಯಾಗಿ ಈಗಲೇ ತಿದ್ದಿಸು. ಸೈಬರ್ ಸೆಂಟರ್‌ನವನ ಮೊಬೈಲ್ ನಂಬರ್, ಅವನ ಇಮೇಲ್ ಕೊಡಬೇಡ. ನನ್ನ ಗೆಳತಿಯೊಬ್ಬಳ ಒಟಿಪಿ ಎಲ್ಲ ಅಂಗಡಿಯವನಿಗೆ ಹೋಗುತ್ತಿತ್ತು, ಅವನು ಮದುವೆಗೆ ಅಂತ ಅಂಗಡಿ ಮುಚ್ಚಿ ಹೋಗಿದ್ದ.

ಜಾತಿ ಪ್ರಮಾಣಪತ್ರ. ಇದು ಎಲ್ಲಕ್ಕಿಂತ ದೊಡ್ಡ ಗುಂಡಿ. ನಾಡಕಚೇರಿಯಲ್ಲಿ ಕೊಡುವ ಪ್ರವರ್ಗ 1, 2ಎ, 3ಬಿ ಪತ್ರ ರಾಜ್ಯಕ್ಕೆ ಮಾತ್ರ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು, ಕೆನೆಪದರದವರಲ್ಲ ಅಂತ ಬರೆದಿರುವುದು. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕು ಅಂತಿಲ್ಲ, ಅದನ್ನು ಮೊದಲು ನೋಡಿಕೋ. ಪ್ರವೇಶದ ಹೊತ್ತಿಗೆ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪತ್ರ ಕೇಳುತ್ತಾರೆ. ಹಾಗಾಗಿ ಈಗ ಒಂದು, ಏಪ್ರಿಲ್ ಆದಮೇಲೆ ಇನ್ನೊಂದು ಮಾಡಿಸು. ಎರಡು ಸಲ ಅಲೆದಾಟ, ಬೇರೆ ದಾರಿ ಇಲ್ಲ.

ಫಲಿತಾಂಶ ಬಂದ ಮೇಲಿನದ್ದು. ಸಿಯುಇಟಿ ಬರೆದರೆ ಮುಗಿಯಿತು, ಅವರೇ ಸೀಟು ಕೊಡುತ್ತಾರೆ ಅಂತ ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಿಲ್ಲ. ಎನ್‌ಟಿಎ ಅಂಕ ಕೊಡುತ್ತದೆ, ಅಷ್ಟೇ. ಜೆಎನ್‌ಯುಗೆ ಜೆಎನ್‌ಯು ತಾಣದಲ್ಲಿ, ದಿಲ್ಲಿ ವಿಶ್ವವಿದ್ಯಾಲಯಕ್ಕೆ ಅದರದೇ ತಾಣ ಸಿಎಸ್‌ಎಎಸ್‌ನಲ್ಲಿ, ಹೈದರಾಬಾದ್‌ಗೆ ಅಲ್ಲಿ, ಪುದುಚೇರಿಗೆ ಅಲ್ಲಿ, ಮತ್ತೆ ಬೇರೆಬೇರೆ ಅರ್ಜಿ. ಕೊನೆ ದಿನಾಂಕವೂ ಬೇರೆಬೇರೆ. ನನ್ನ ತಂಗಿಯ ಕ್ಲಾಸ್‌ಮೇಟ್ ಒಬ್ಬ ಒಳ್ಳೆ ಅಂಕ ತೆಗೆದು, ಈ ಎರಡನೇ ಅರ್ಜಿ ಗೊತ್ತಾಗದೆ ಮನೆಯಲ್ಲೇ ಉಳಿದ.

ಅಂಕಪಟ್ಟಿ. ಅಲ್ಲಿ ಕ್ಲಾಸು ಶುರುವಾದರೂ ನಮ್ಮಲ್ಲಿ ಆರನೇ ಸೆಮಿಸ್ಟರ್ ಫಲಿತಾಂಶ ಬಂದಿರಲ್ಲ ಅನ್ನುವ ಸಾಧ್ಯತೆ ಜಾಸ್ತಿ. ತಾತ್ಕಾಲಿಕ ಪ್ರವೇಶ ಕೊಟ್ಟು ಇಂಥ ದಿನದೊಳಗೆ ತನ್ನಿ ಅನ್ನುತ್ತಾರೆ. ನಾನು ಆಗ ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮುಂದೆ ಮೂರು ದಿನ ನಿಂತು, ಕೊನೆಗೆ ಒಬ್ಬ ಗುಮಾಸ್ತರಿಗೆ ಅಯ್ಯೋ ಅನ್ನಿಸಿ ಪತ್ರ ಕೊಟ್ಟರು. ಅದೇ ದಿನ ಸಂಜೆ ಗುಂತಕಲ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ.

ದುಡ್ಡಿನ ಬಗ್ಗೆ: ಜೆಎನ್‌ಯುನಲ್ಲಿ ಬೋಧನಾ ಶುಲ್ಕ ತೀರಾ ಕಡಿಮೆ. ಖರ್ಚು ಆಗುವುದು ಮೆಸ್ಸಿಗೆ, ರೈಲಿಗೆ, ಚಳಿಗಾಲದ ರಜಾಯಿಗೆ. ಭಾಷೆಯ ಬಗ್ಗೆ: ಮೊದಲ ಸೆಮಿಸ್ಟರ್ ಅಳು ಬರುತ್ತದೆ. ಬಂತು. ಇಂಗ್ಲಿಷ್ ಕಷ್ಟ ಇರುವವರಿಗೆ ಅಲ್ಲಿ ಬೇರೆ ತರಗತಿ ಇದೆ, ನಾಚಿಕೆ ಬಿಟ್ಟು ಹೋಗಬೇಕು. ಬಿಹಾರದವರು, ಒಡಿಶಾದವರು, ಮಣಿಪುರದವರು ಎಲ್ಲರೂ ಅದೇ ದೋಣಿಯಲ್ಲಿ ಇರುತ್ತಾರೆ. ಕನ್ನಡ ಭಾಷಾ ಪೀಠವೂ ಇದೆ. ಮನೆ ನೆನಪಾದಾಗ ಹೋಗಿ ನಾಲ್ಕು ಮಾತು ಆಡಬಹುದು.

ದೂರದ ಬೆಟ್ಟ

ಢಾಬಾ ಚಾ ಅವರು ಬರೆದದ್ದನ್ನು ಪ್ರಿಂಟ್ ಹಾಕಿ ಎಲ್ಲ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಬೇಕು.

ನಾನು ಜರ್ಮನಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ. ಇದನ್ನು ಓದುವ ಬೇರೆ ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಶುಲ್ಕ ಇಲ್ಲ ಅಂತ ಎಲ್ಲರೂ ಹೇಳುವುದು ಬಹುಮಟ್ಟಿಗೆ ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ವೀಸಾಕ್ಕೆ ಬ್ಯಾಂಕಿನಲ್ಲಿ ವರ್ಷದ ಖರ್ಚು ತೋರಿಸಬೇಕು, 2024ರಿಂದ ಅದು 11,904 ಯೂರೋ. ಭಾರತದ ಪ್ರಮಾಣಪತ್ರಗಳು ಅಸಲಿಯಾ ಅಂತ ನೋಡುವ ಎಪಿಎಸ್ ಪರಿಶೀಲನೆ 2022ರ ನವೆಂಬರ್‌ನಿಂದ ಕಡ್ಡಾಯ. "ಶುಲ್ಕ ಇಲ್ಲ" ಅನ್ನುವ ಮಾತಿನ ಹಿಂದೆ ಇಷ್ಟು ದುಡ್ಡಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದಲ್ಲಿ ಓದಲು ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಅದನ್ನು ನೋಡಿ.

ಇನ್ನೊಂದು ಅಡ್ಡಿ: ಡಿಗ್ರಿಯಲ್ಲಿ ರಾಜ್ಯಶಾಸ್ತ್ರ ಇಷ್ಟು ಕ್ರೆಡಿಟ್, ಸಂಶೋಧನಾ ವಿಧಾನ ಇಷ್ಟು ಕ್ರೆಡಿಟ್ ಅಂತ ಎಣಿಸುತ್ತಾರೆ. ಮೂರು ವಿಷಯದ ಬಿ.ಎ.ಯಲ್ಲಿ ಒಂದೊಂದು ವಿಷಯ ಮೂರನೇ ಒಂದು ಪಾಲು ಅಷ್ಟೇ ಬರುತ್ತದೆ. ನನಗೆ ಎರಡು ಕಡೆ ಇದೇ ಕಾರಣಕ್ಕೆ ಇಲ್ಲ ಅಂದರು.

ಶಿಫಾರಸು ಪತ್ರ ಕೇಳಲು ಹೋದಾಗ ನಮ್ಮ ಸರ್ "ನೀನೇ ಬರಕೊಂಡು ಬಾ, ಸಹಿ ಹಾಕುತ್ತೇನೆ" ಅಂದರು. ನನ್ನ ಬಗ್ಗೆ ನಾನೇ "ಅಸಾಧಾರಣ ವಿದ್ಯಾರ್ಥಿನಿ" ಅಂತ ಬರೆಯಲು ಕೈ ನಡುಗಿತು. ಕೊನೆಗೆ "ಪರಿಶ್ರಮಿ" ಅಂತ ಬರೆದೆ. ಅವರು ಓದಿ, ಅದನ್ನು ಹೊಡೆದು, "ಅಸಾಧಾರಣ" ಅಂತ ತಾವೇ ಹಾಕಿದರು.

ಸಜ್ಜಿರೊಟ್ಟಿ

ಎಲ್ಲರಿಗೂ ಕೈ ಮುಗಿದೆ. ಎರಡು ದಿನ ನೆಟ್‌ವರ್ಕ್ ಇರಲಿಲ್ಲ, ಇವತ್ತು ಎಲ್ಲ ಓದಿದೆ.

ಬಂಡೆ ಅಣ್ಣ, ಹಳೆ ಪತ್ರಿಕೆ ಬಿಡಿಸಿದೆ. ಡಿಕ್ಷನರಿ ಇಟ್ಟುಕೊಂಡು ಮೂರು ಗಂಟೆ ಹಿಡಿಯಿತು. 75ರಲ್ಲಿ 38 ಸರಿ, 22 ತಪ್ಪು, ಉಳಿದದ್ದು ಬಿಟ್ಟೆ. ಲೆಕ್ಕ ಹಾಕಿದರೆ 130. ಭಾರತದ ಸಂವಿಧಾನ ಚೆನ್ನಾಗಿ ಬಂತು. ಅಂತರರಾಷ್ಟ್ರೀಯ ಸಂಬಂಧ, ತೌಲನಿಕ ರಾಜಕೀಯ ಏನೂ ಬರಲಿಲ್ಲ.

ಅರೆಕಾಲಿಕ ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಅವರು "ನೋಡು, ನಾನು ಹೇಳಿದ್ದೇ ಅಲ್ವಾ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು "ಆ ಸರ್ ಒಂಬತ್ತು ವರ್ಷ ಯಾಕೆ ಬಿಡದೆ ಮಾಡುತ್ತಿದ್ದಾರಂತೆ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಮೇಷ್ಟ್ರೇ, ನೋಟ್‌ಬುಕ್ ಶುರು ಮಾಡಿದ್ದೇನೆ. ಹನ್ನೊಂದು ಪದ ಆಗಿದೆ. ಹನ್ನೊಂದನೆಯದು 'ಲೆಜಿಟಿಮಸಿ', ಅಂದರೆ ಅಧಿಕಾರವನ್ನು ಜನ ಸರಿ ಅಂತ ಒಪ್ಪುವುದು. ಅದಕ್ಕೆ ಊರಿನ ಉದಾಹರಣೆ ಸಿಕ್ಕಿಲ್ಲ.

ಅರೆಕಾಲಿಕ

ನಿಮ್ಮಪ್ಪನಿಗೆ ಹೇಳಿ: ಬೇರೆ ಕೆಲಸ ಸಿಗಲಿಲ್ಲ ಅಂತ. ಅದು ಪೂರ್ತಿ ನಿಜ ಅಲ್ಲ, ಆದರೂ ಹಾಗೇ ಹೇಳಿ.

130 ಮೊದಲ ಸಲಕ್ಕೆ ಕಡಿಮೆ ಏನಲ್ಲ. ಅಂತರರಾಷ್ಟ್ರೀಯ ಸಂಬಂಧಕ್ಕೆ ನನ್ನ ಕನ್ನಡ ನೋಟ್ಸ್ ಇದೆ, ಪ್ರತಿ ಪದದ ಪಕ್ಕ ಇಂಗ್ಲಿಷ್ ಬರೆದಿದ್ದೇನೆ. ಸ್ಕ್ಯಾನ್ ಮಾಡಿ ಹಾಕುತ್ತೇನೆ. ಕೈಬರಹ ಕೆಟ್ಟದಾಗಿದೆ.

ಗಚ್ಚಿಬೌಲಿ ಬಂಡೆ

22 ತಪ್ಪಿಗೆ 22 ಅಂಕ ಹೋಗಿದೆ, ನೋಡಿ. ನಾಲ್ಕರಲ್ಲಿ ಎರಡನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಮಾತ್ರ ಊಹೆ ಮಾಡಿ. ಮುಂದಿನ ಪತ್ರಿಕೆಯನ್ನು ಎರಡು ಗಂಟೆಯಲ್ಲಿ ಮುಗಿಸಿ, ಅದರ ಮುಂದಿನದನ್ನು ಡಿಕ್ಷನರಿ ಇಲ್ಲದೆ. ಮತ್ತೆ, ರಾಯಚೂರಿನಿಂದ ಹೈದರಾಬಾದ್ ಬೆಂಗಳೂರಿನ ಅರ್ಧ ದೂರ. ಹಬ್ಬಕ್ಕೆ ಮನೆಗೆ ಬಂದು ಹೋಗಬಹುದು. ಅಪ್ಪನಿಗೆ ಇದನ್ನೂ ಓದಿ ಹೇಳಿ.

ಗಂಗೋತ್ರಿ ಗಾಳಿ

ಯುಯುಸಿಎಂಎಸ್ ಅರ್ಜಿಯನ್ನೂ ಮರೆಯಬೇಡಿ. ಎರಡೂ ಕಡೆ ಹಾಕಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಧನಸಹಾಯ ಇದೆ, ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ. ಏನೂ ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೂ ಇದೆ, ಮನೆಯಿಂದಲೇ ಓದಬಹುದು. ಅದರ ಮಾನ್ಯತೆಯ ಗಲಾಟೆ 2018ರಲ್ಲಿ ಮುಗಿದಿದೆ.

ಸಜ್ಜಿರೊಟ್ಟಿ

ಇವತ್ತು ಕೇಂದ್ರದ ಒಬಿಸಿ ಪತ್ರಕ್ಕೆ ಅರ್ಜಿ ಕೊಟ್ಟು ಬಂದೆ. ಅಪ್ಪನಿಗೆ ಹೊಲದ ಕೆಲಸ ಇತ್ತು, ಅತ್ತೆ ಜೊತೆಗೆ ಬಂದರು. ಕಂಪ್ಯೂಟರ್ ಮುಂದೆ ಇದ್ದವರು ಮೊದಲು ರಾಜ್ಯದ್ದೇ ಫಾರ್ಮ್ ತೆಗೆದರು. ಇದಲ್ಲ, ಕೇಂದ್ರದ್ದು ಅಂದೆ. "ಅದೆಲ್ಲ ಆಗಲ್ಲ, ಮಾವನವರು ಬಂದಿಲ್ವಾ?" ಅಂತ ಅತ್ತೆಯನ್ನು ಕೇಳಿದರು. ಅತ್ತೆ ಏನೂ ಹೇಳಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆ ಕೂತೇ ಇದ್ದರು. ಆಮೇಲೆ ರಸೀದಿ ಬಂತು.

ಈಗ ಫಾರ್ಮ್‌ನಲ್ಲಿ ಎರಡನೇ ಪತ್ರಿಕೆ ಯಾವುದು ಅಂತ ಕೇಳುತ್ತಿದೆ. ಖಾಲಿ ಬಿಡಲಾ, ಇತಿಹಾಸ ಹಾಕಲಾ?

ಢಾಬಾ ಚಾ

ಇತಿಹಾಸ ಹಾಕು. ದುಡ್ಡು ಹೇಗೂ ಎರಡಕ್ಕೆ ಸೇರಿಯೇ ಕಟ್ಟುತ್ತೀಯ. ಫೋಟೋ ಹೊಸದು ತೆಗೆಸು, ಕಿವಿ ಕಾಣಬೇಕು. ಕಳಿಸುವ ಮೊದಲು ಹುಟ್ಟಿದ ದಿನಾಂಕ ಇನ್ನೊಂದು ಸಲ ನೋಡು.

ನಿವೃತ್ತ ಮೇಷ್ಟ್ರು

ಮತ್ತೆ ಆ ನೋಟ್‌ಬುಕ್ ತೆಗೆಯಮ್ಮ. ಹನ್ನೊಂದನೇ ಪದಕ್ಕೆ ಉದಾಹರಣೆ ಸಿಕ್ಕಿತಲ್ಲ.